ಲ್ಯಾಕ್ಸ್‌ಟನ್: ಬೇಲಿ ಹಾಕದೆ ಉಳಿದ ಊರು

ಇಂಗ್ಲೆಂಡಿನಲ್ಲಿ ಪೋಸ್ಟ್‌ಕಾರ್ಡಿನ ಊರು ಬೇಡ, ಬೇಸಾಯ ಮಾಡುವ ಹಳೆಯ ಹಳ್ಳಿ ಯಾವುದಾದರೂ ಉಳಿದಿದೆಯೇ ಎಂದು ಕೇಳಿದ್ದೀರಿ. ಉಳಿದಿದೆ. ನಾಟಿಂಗ್‌ಹ್ಯಾಮ್‌ಶೈರಿನ ಲ್ಯಾಕ್ಸ್‌ಟನ್‌ಗೆ ಹೋಗಿ. ನಾನು ರೈತರ ಮನೆಯಲ್ಲಿ ಹುಟ್ಟಿದವನು, ಈ ದೇಶದಲ್ಲಿ ನನಗೆ ಅಷ್ಟು ಹತ್ತಿರವಾದ ಊರು ಇನ್ನೊಂದಿಲ್ಲ.

ಒಂದು ಕಾಲಕ್ಕೆ ಇಂಗ್ಲೆಂಡಿನ ಬಹುಭಾಗದಲ್ಲಿ ಬೇಸಾಯ ಹೀಗೇ ಇತ್ತು: ಊರಿಗೆಲ್ಲ ಸೇರಿ ಎರಡು ಮೂರು ದೊಡ್ಡ ಬಯಲು, ಒಬ್ಬೊಬ್ಬ ರೈತನಿಗೂ ಅದರಲ್ಲಿ ಅಲ್ಲಲ್ಲಿ ಚದುರಿದ ಉದ್ದುದ್ದ ಪಟ್ಟಿಗಳು. ಒಳ್ಳೆಯ ಮಣ್ಣೂ ಕೆಟ್ಟ ಮಣ್ಣೂ ಎಲ್ಲರ ಪಾಲಿಗೂ ಬರುತ್ತಿತ್ತು. ಹದಿನೆಂಟು, ಹತ್ತೊಂಬತ್ತನೆಯ ಶತಮಾನಗಳಲ್ಲಿ ಸಂಸತ್ತು ಊರೂರಿಗೂ ಕಾಯ್ದೆ ಮಾಡಿ ಬಯಲುಗಳನ್ನು ಒಡೆದು ಬೇಲಿ ಹಾಕಿಸಿತು. ಲ್ಯಾಕ್ಸ್‌ಟನ್ ತಪ್ಪಿಸಿಕೊಂಡಿದ್ದಕ್ಕೆ ಒಂದು ಕಾರಣ, ಇಲ್ಲಿನ ಇಬ್ಬರು ಜಮೀನುದಾರರಿಗೆ, ಮ್ಯಾನ್ವರ್ಸ್ ಮತ್ತು ಸ್ಕಾರ್ಬರೋ ಅರ್ಲ್‌ಗಳಿಗೆ, ಹೊಂದಿಕೆಯಾಗದ್ದು. ಅವರ ಜಗಳದಿಂದ ಊರಿಗೆ ಒಳ್ಳೆಯದೇ ಆಯಿತು ಎನ್ನುತ್ತೇನೆ. 1635ರಲ್ಲಿ ಮಾರ್ಕ್ ಪಿಯರ್ಸ್ ಬರೆದ ನಕ್ಷೆ ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿದೆ. ಎರಡು ಸಾವಿರಕ್ಕೂ ಹೆಚ್ಚು ಪಟ್ಟಿಗಳು, ನಡುವೆ ಉಳುವವರ, ಕೊಯ್ಯುವವರ ಪುಟ್ಟ ಪುಟ್ಟ ಚಿತ್ರಗಳು. ಇವತ್ತು ಪಟ್ಟಿಗಳು ಕಡಿಮೆಯಾಗಿ ಅಗಲವಾಗಿವೆ. ಆದರೆ ಮೂರು ಬಯಲುಗಳು, ವೆಸ್ಟ್ ಫೀಲ್ಡ್, ಮಿಲ್ ಫೀಲ್ಡ್, ಸೌತ್ ಫೀಲ್ಡ್, ಇನ್ನೂ ಉಳಿದಿವೆ. ಒಂದರಲ್ಲಿ ಚಳಿಗಾಲದ ಗೋಧಿ, ಇನ್ನೊಂದರಲ್ಲಿ ವಸಂತದಲ್ಲಿ ಬಿತ್ತುವ ಬೆಳೆ, ಮೂರನೆಯದಕ್ಕೆ ಬಿಡುವು. ಮರುವರ್ಷ ಸರದಿ ಬದಲು.

ಬದು ಇಲ್ಲದ ಮೇಲೆ ಒತ್ತುವರಿ ತಡೆಯುವವರು ಯಾರು? ಅದಕ್ಕೇ ಕೋರ್ಟ್ ಲೀಟ್ ಎಂಬ ಊರ ನ್ಯಾಯಸಭೆ ಇದೆ. ನವೆಂಬರ್ ಕೊನೆಯ ಹೊತ್ತಿಗೆ ಪಂಚರ ತಂಡ ಟ್ರೇಲರ್ ಹತ್ತಿ ಗೋಧಿ ಬಿತ್ತಿದ ಬಯಲಿಗೆ ಹೋಗುತ್ತದೆ. ನಾನು ಒಮ್ಮೆ ಹಿಂದೆ ಹಿಂದೆ ನಡೆದೆ. ಒಂದು ಪಟ್ಟಿಯ ತುದಿಯಲ್ಲಿ ಎಲ್ಲರೂ ನಿಂತರು. ಒಬ್ಬರು ಬಗ್ಗಿ ನೇಗಿಲ ಸಾಲು ಹಿಡಿದು ದೂರಕ್ಕೆ ಕಣ್ಣು ಹಾಯಿಸಿದರು, ಸಣ್ಣದೊಂದು ಚರ್ಚೆ ನಡೆಯಿತು, ಆಮೇಲೆ ಇನ್ನೊಬ್ಬರು ಮರದ ಗೂಟ ನೆಟ್ಟು ಸುತ್ತಿಗೆಯಿಂದ ಹೊಡೆದರು. ದಾರಿಯನ್ನೋ ಪಕ್ಕದವರ ಪಟ್ಟಿಯನ್ನೋ ಉತ್ತು ಸೇರಿಸಿಕೊಂಡವರಿಗೆ ಮುಂದಿನ ವಾರ ಸಭೆಯಲ್ಲಿ ದಂಡ. ನಮ್ಮ ಅಪ್ಪ ಗೇಣು ಬದುವಿಗಾಗಿ ವರ್ಷಗಟ್ಟಲೆ ಕಚೇರಿ ಅಲೆದದ್ದನ್ನು ನೋಡಿದವನು ನಾನು. ಆ ಗೂಟದ ಸದ್ದು ಕೇಳಿ ಗಂಟಲು ಕಟ್ಟಿತು.

ಸಭೆ ಸೇರುವುದು ಡವ್‌ಕೋಟ್ ಇನ್ ಎಂಬ ಪಬ್ಬಿನಲ್ಲಿ. ಇಗರ್ಜಿಯೂ ನಾರ್ಮನ್ನರ ಕೋಟೆಯ ಮಣ್ಣುದಿಬ್ಬವೂ ನಡೆದೇ ಹೋಗುವಷ್ಟು ಹತ್ತಿರ. ಬೀದಿಯ ಹಳೆಯ ರೈತಮನೆಗಳಲ್ಲಿ ಕೆಲವು ದಾರಿಗೆ ಪಕ್ಕೆ ತಿರುಗಿಸಿ ನಿಂತಿವೆ, ನಿವೇಶನಗಳು ಅಷ್ಟು ಕಿರಿದು. ಜೂನಿನಲ್ಲಿ ಬಂದರೆ ಉಳದೆ ಬಿಟ್ಟ ಹುಲ್ಲುಗಾವಲುಗಳಲ್ಲಿ, ಇಲ್ಲಿ ಸೈಕ್ ಎನ್ನುತ್ತಾರೆ, ಕಾಡುಹೂ ತುಂಬಿರುತ್ತವೆ. ನವೆಂಬರಾದರೆ ಎತ್ತರದ ಬೂಟು ತನ್ನಿ, ಇಲ್ಲಿನ ಜೇಡಿಮಣ್ಣು ಕಾಲು ಬಿಡುವುದಿಲ್ಲ.