ಕಾರ್ಖಾನೆ ನೀರಿನ ವಿರುದ್ಧ ಹೋರಾಡಿದ ಹಿರಿಯರಿಗೆ ಊರು ಹೇಗೆ ಸನ್ಮಾನ ಮಾಡಬೇಕು?

ಶರಣು. ನೀವು ಕೇಳಿದ್ದು ಇಷ್ಟು: ಬೀದರ್ ಪಕ್ಕದ ನಿಮ್ಮ ಊರಿನ ಹಿರಿಯರೊಬ್ಬರು ಕೆಮಿಕಲ್ ಫ್ಯಾಕ್ಟರಿಗಳ ಹೊಲಸು ನೀರಿನ ವಿರುದ್ಧ ವರ್ಷಗಟ್ಟಲೆ ಓಡಾಡಿದ್ದಾರೆ. ಯುವಕ ಮಂಡಳದಿಂದ ಅವರಿಗೆ ಸನ್ಮಾನ ಮಾಡಬೇಕು ಅಂತಿದ್ದೀರಿ, ಆದರೆ ಅದು ಶಾಲು, ಹಾರ, ಫೋಟೊ ಅಷ್ಟರಲ್ಲೇ ಮುಗಿಯಬಾರದು. ನಾನೂ ಬೀದರಿನ ಕೊಳಾರ ಕೈಗಾರಿಕಾ ಪ್ರದೇಶದ ಕಡೆಯವನೇ. ಹಂಗಾಗಿ ಈ ಪ್ರಶ್ನೆ ನೋಡಿ ಸುಮ್ಮನಿರಲು ಆಗಲಿಲ್ಲ.

ಮೊದಲು ಮುಖ್ಯ ಮಾತು ಹೇಳಿಬಿಡ್ತೀನಿ. ಅವರೊಬ್ಬರನ್ನೇ ವೇದಿಕೆ ಮೇಲೆ ಕೂರಿಸಿ ಹೊಗಳಬೇಡಿ. ಸನ್ಮಾನದ ದಿನ ಅವರ ಅರ್ಜಿಯ ಕೆಳಗೆ ಊರಿನವರ ಸಹಿ ಬೀಳಲಿ. ಎಲ್ಲ ದೂರಿನಲ್ಲೂ ಒಂದೇ ಹೆಸರಿದ್ದರೆ, ಒತ್ತಡ ಹಾಕುವವರಿಗೆ ಒಂದೇ ಮನೆಯ ಬಾಗಿಲು ಗೊತ್ತಿದ್ದರೆ ಸಾಕು. ಛತ್ತೀಸಗಡದ ರಾಯಗಡದಲ್ಲಿ ಚಿಕ್ಕ ಇಂಟರ್ನೆಟ್ ಅಂಗಡಿ ಇಟ್ಟುಕೊಂಡಿದ್ದ ರಮೇಶ ಅಗ್ರವಾಲ್ ಅವರು ಮಾಹಿತಿ ಹಕ್ಕಿನಲ್ಲಿ ಕಾಗದ ತೆಗೆಸಿ ದೊಡ್ಡ ಕಲ್ಲಿದ್ದಲು ಗಣಿಯೊಂದನ್ನು, ಪರಿಸರದ ವ್ಯಾಜ್ಯ ಕೇಳುವ ಹಸಿರು ನ್ಯಾಯಮಂಡಳಿಯಲ್ಲಿ ನಿಲ್ಲಿಸಿದರು. ಅದೇ 2012ರಲ್ಲಿ ಅಂಗಡಿಗೇ ಬಂದು ಅವರಿಗೆ ಗುಂಡು ಹೊಡೆದರು, ತೊಡೆಯ ಮೂಳೆ ಪುಡಿಯಾಯಿತು. ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಬಂದದ್ದು ಆಮೇಲೆ, 2014ರಲ್ಲಿ. ಜಗತ್ತು ಗುರುತಿಸೋದಕ್ಕೆ ಮುಂಚೆ ಊರು ಬೆನ್ನಿಗೆ ನಿಲ್ಲಬೇಕು ಅಂತ ನಾನು ಹೇಳೋದು ಇದಕ್ಕೇ.

ನಮ್ಮ ಊರಲ್ಲೂ ಒಬ್ಬ ಆಯಿ ಇದ್ದಾರೆ. ಹೆಸರು ಬೇಡ. ಮನೆಯ ಹಿಂದಿನ ಬಾವಿಯ ನೀರು ಹಳದಿಗೆ ತಿರುಗಿದಾಗಿನಿಂದ ಅವರದು ಒಂದೇ ಕೆಲಸ. ದೊಡ್ಡ ಮಳೆ ಬಂದು ನಿಂತ ಮರುದಿನ ಬಾವಿಗೆ ಕೊಡ ಇಳಿಸೋದು, ನೀರನ್ನು ಬಿಸ್ಲೇರಿ ಬಾಟಲಿಗೆ ತುಂಬೋದು, ಅದರ ಮೇಲೆ ಔಷಧಿ ಅಂಗಡಿಯ ಬಿಳಿ ಪಟ್ಟಿ ಅಂಟಿಸಿ ಮೊಮ್ಮಗಳ ಕೈಯಿಂದ ತಾರೀಖು ಬರೆಸೋದು. ನೀರಿನ ಬಣ್ಣ, ವಾಸನೆ, ಯಾವ ಎಮ್ಮೆ ಕುಡಿಯದೆ ಮುಖ ತಿರುಗಿಸಿತು, ರಾತ್ರಿ ಎಷ್ಟು ಗಂಟೆಗೆ ಘಾಟು ಬಂತು, ಎಲ್ಲ ಒಂದು ಶಾಲೆಯ ನೋಟ್‌ಬುಕ್ಕಿನಲ್ಲಿದೆ. ಆಯಿಗೆ ಓದು ಬರಹ ಬರೋದಿಲ್ಲ. ಆದರೆ ಯಾವ ಪುಟದಲ್ಲಿ ಏನಿದೆ ಅಂತ ಬಾಯಿಪಾಠ.

ಒಂದು ಸಲ ಸಂಘಟನೆಯೊಂದು ಅವರನ್ನು ಕರೆಸಿ ದೊಡ್ಡ ವೇದಿಕೆಯಲ್ಲಿ ಸನ್ಮಾನಿಸಿತು. ಒಳ್ಳೆಯ ಮನಸ್ಸಿನಿಂದಲೇ ಮಾಡಿದರು. ಆದರೆ ಊರಿನವರು ಯಾರೂ ಅದರಲ್ಲಿ ಇರಲಿಲ್ಲ. ಪೇಪರಿನಲ್ಲಿ ಫೋಟೊ ಬಂದ ಮೇಲೆ ಕಟ್ಟೆಯಲ್ಲಿ ಮಾತು ಶುರುವಾಯಿತು: "ಆಯಿಗಿ ಹೆಸರ ಬೇಕಿತ್ತು, ಸಿಕ್ಕದ. ನಮ್ಮ ಹುಡುಗರ ಕೆಲಸಕ್ಕ ಕಲ್ಲ ಬೀಳತದ." ಮಾತಾಡಿದವರನ್ನು ನಾನು ಕೆಟ್ಟವರು ಅನ್ನಲಾರೆ. ನಮ್ಮಲ್ಲಿ ಮನೆಗೊಬ್ಬ ಹುಡುಗ ಅದೇ ಫ್ಯಾಕ್ಟರಿಗಳಲ್ಲಿ ಗುತ್ತಿಗೆ ಕೂಲಿ. ಸೋಯಾ, ತೊಗರಿ ಕೈ ಕೊಟ್ಟ ವರ್ಷ ಆ ಪಗಾರದಲ್ಲೇ ಒಲೆ ಉರಿದಿದೆ. ಈ ಗಂಟನ್ನು ಬಿಚ್ಚದೆ ಯಾರಿಗೂ ಸನ್ಮಾನ ಮಾಡಬೇಡಿ. ನಿಮ್ಮ ಹಿರಿಯರು ಕೇಳ್ತಿರೋದು ಫ್ಯಾಕ್ಟರಿ ಮುಚ್ಚಿ ಅಂತಲೋ, ಹೊಲಸು ನೀರನ್ನು ಶುದ್ಧ ಮಾಡದೆ ನಾಲಾಕ್ಕೆ ಬಿಡಬೇಡಿ ಅಂತಲೋ, ಅದನ್ನು ಅವರ ಬಾಯಿಂದಲೇ ಎಲ್ಲರ ಮುಂದೆ ಹೇಳಿಸಿ. ಆ ಘಾಟನ್ನು ಎಲ್ಲರಿಗಿಂತ ಹತ್ತಿರದಿಂದ ಉಸಿರಾಡೋದು ಆ ಹುಡುಗರೇ, ಅದನ್ನೂ ಹೇಳಿ.

ನಮ್ಮಲ್ಲಿ ಗಾಳಿ ತಿರುಗಿದ್ದು ಗ್ರಾಮಸಭೆಯಲ್ಲಿ. ಆಯಿಯ ನೋಟ್‌ಬುಕ್ಕನ್ನು ಶಾಲೆಯ ಹುಡುಗಿಯೊಬ್ಬಳು ಪುಟ ಪುಟ ಓದಿದಳು. ಓದುತ್ತಾ ಹೋದ ಹಾಗೆ "ಅವತ್ತ ನಮ್ಮ ಬೋರಿನಾಗೂ ಹಂಗೇ ಬಂದಿತ್ತು" ಅಂತ ಹಿಂದಿನಿಂದ ಒಬ್ಬೊಬ್ಬರೇ ಎದ್ದರು. ಮೊದಲು ಹೆಬ್ಬೆಟ್ಟು ಒತ್ತಿದ್ದು ಗುತ್ತಿಗೆ ಕೆಲಸದ ಹುಡುಗನೊಬ್ಬನ ತಾಯಿ. ನನ್ನ ಮಟ್ಟಿಗೆ ಆಯಿಗೆ ನಿಜವಾದ ಸನ್ಮಾನ ಆದದ್ದು ಅವತ್ತು.

ಆದ್ದರಿಂದ ನಿಮ್ಮ ಕಾರ್ಯಕ್ರಮವನ್ನು ಗ್ರಾಮಸಭೆಗೇ ಜೋಡಿಸಿ. ಕಾಯ್ದೆ ಪ್ರಕಾರ 6 ತಿಂಗಳಿಗೆ ಒಮ್ಮೆಯಾದರೂ ಅದು ನಡೆಯಲೇಬೇಕು. ಸನ್ಮಾನದ ಜೊತೆಗೆ ಒಂದು ಠರಾವು ಪಾಸು ಮಾಡಿಸಿ: ಊರಿನ ಬಾವಿ, ಬೋರುಗಳ ನೀರನ್ನು ಅಧಿಕಾರಿಗಳು ಬಂದು ಪರೀಕ್ಷೆ ಮಾಡಬೇಕು, ವರದಿಯನ್ನು ಪಂಚಾಯ್ತಿ ಗೋಡೆಗೆ ಅಂಟಿಸಬೇಕು. ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಸಹಿ, ಸೀಲು ಇರುವ ನಕಲು ಅವರ ಕೈಗೆ ಕೊಡಿ. ಹಿತ್ತಾಳೆ ಫಲಕಕ್ಕಿಂತ ಆ ಒಂದು ಹಾಳೆ ಅವರಿಗೆ ಹೆಚ್ಚು ಕೆಲಸಕ್ಕೆ ಬರುತ್ತದೆ.

ಅಭಿನಂದನಾ ಪತ್ರದ ಬಗ್ಗೆ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಅಲ್ಲೇ ಎಲ್ಲರೂ ಹಾಳು ಮಾಡೋದು. "ಪರಿಸರ ರತ್ನ", "ಧೀಮಂತ ಹೋರಾಟಗಾರ" ಅಂತ ಅರ್ಧ ಪುಟ ತುಂಬಿಸಿದರೆ ಅದು ಯಾರ ಹೆಸರಿಗಾದರೂ ಹೊಂದುತ್ತದೆ. ಅದರ ಬದಲು ಅವರು ಮಾಡಿದ್ದನ್ನು ತಾರೀಖು ಸಮೇತ ಬರೆಯಿರಿ. ಯಾವ ವರ್ಷ ಯಾವ ಬಾವಿ ಕೆಟ್ಟಿತು, ಯಾವ ಕಚೇರಿಗೆ ಯಾವಾಗ ಅರ್ಜಿ ಕೊಟ್ಟರು, ಸ್ವೀಕೃತಿ ಇದೆಯೇ, ಉತ್ತರ ಏನು ಬಂತು. ತಾರೀಖಿಗೆ ಕಾನೂನಿನಲ್ಲೂ ಬೆಲೆ ಇದೆ. 2010ರ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕಾಯ್ದೆಯ 14ನೇ ಕಲಮಿನಲ್ಲಿ ಹೋಗುವುದಾದರೆ ವ್ಯಾಜ್ಯದ ಕಾರಣ ಮೊದಲು ಹುಟ್ಟಿದ ದಿನದಿಂದ 6 ತಿಂಗಳೊಳಗೆ ಅರ್ಜಿ ಹಾಕಬೇಕು, ತಡಕ್ಕೆ ಸರಿಯಾದ ಕಾರಣ ತೋರಿಸಿದರೆ ಇನ್ನು 60 ದಿನ ಸಿಗಬಹುದು, ಅಷ್ಟೇ. ನಮಗೆ ದಕ್ಷಿಣ ಪೀಠ ಇರೋದು ಚೆನ್ನೈನಲ್ಲಿ. ಅಲ್ಲಿ ವಕೀಲರು ಮೊದಲು ಕೇಳೋದೇ ತಾರೀಖು.

ಹಂಗೇ ಬಾಟಲಿಯ ವಿಷಯ. ಆಯಿ ತುಂಬಿಟ್ಟಂಥ ಬಾಟಲಿಗಳು ಊರಿಗೆ ನಂಬಿಕೆ ಹುಟ್ಟಿಸುತ್ತವೆ. ಆದರೆ ಫ್ಯಾಕ್ಟರಿ ಬಿಡುವ ನೀರಿನ ಮೇಲೆ ಕೇಸು ನಿಲ್ಲಬೇಕಾದರೆ 1974ರ ಜಲ ಕಾಯ್ದೆಯ 21ನೇ ಕಲಮಿನ ಪ್ರಕಾರ ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿಯೇ ನೋಟಿಸು ಕೊಟ್ಟು, ಮಾದರಿ ತೆಗೆದು, ಎರಡು ಭಾಗ ಮಾಡಿ, ಸೀಲು ಹಾಕಿ, ಸಹಿ ಮಾಡಿಸಬೇಕು. ಆ ಹೊತ್ತಿಗೆ ಊರಿನವರು ಗೇಟಿನ ಹೊರಗಾದರೂ ನಿಂತಿರಬೇಕು. ಅಧಿಕಾರಿ ಬಂದ ದಿನ ಆ ಹಿರಿಯರು ಒಬ್ಬರೇ ನಿಂತಿದ್ದರೆ ನಿಮ್ಮ ಸನ್ಮಾನಕ್ಕೆ ಅರ್ಥವೇ ಉಳಿಯೋದಿಲ್ಲ. ಇನ್ನೊಂದು: ಯಾರಾದರೂ ಟಿಡಿಎಸ್ ಮೀಟರ್ ಅದ್ದಿ "ನೀರ ಚಂದ ಅದ" ಅಂದರೆ ಒಪ್ಪಬೇಡಿ. ಅದು ತೋರಿಸೋದು ಕರಗಿದ ಲವಣಗಳ ಅಂದಾಜು ಮಾತ್ರ. ಔಷಧಿ, ಕೆಮಿಕಲ್ ಕಾರ್ಖಾನೆಗಳ ದ್ರಾವಕಗಳು ಅದಕ್ಕೆ ಸಿಗುವುದೇ ಇಲ್ಲ. ಸಿಒಡಿ (ನೀರಿನಲ್ಲಿರುವ ಹೊಲಸನ್ನು ರಾಸಾಯನಿಕವಾಗಿ ಕರಗಿಸಲು ಎಷ್ಟು ಆಮ್ಲಜನಕ ಬೇಕು ಅನ್ನುವ ಅಳತೆ), ಭಾರಲೋಹ, ದ್ರಾವಕ ಇವನ್ನೂ ಪರೀಕ್ಷಿಸಿ ಅಂತ ಠರಾವಿನಲ್ಲಿ ಹೆಸರು ಹಿಡಿದು ಬರೆಸಿ.

ಬೀದರಿನವರಿಗೆ ಈ ಮಾತು ಇನ್ನೂ ಮುಖ್ಯ. ನಮ್ಮ ನೆಲದ ಮೇಲ್ಪದರ ಕೆಂಪು ಜಂಬಿಟ್ಟಿಗೆ ಕಲ್ಲು, ಕೆಳಗೆ ಗಟ್ಟಿ ಕಪ್ಪು ಕಲ್ಲು. ಕೆಂಪು ಕಲ್ಲಿನಲ್ಲಿ ತೂತುಗಳೇ ತೂತು, ಮೇಲೆ ಸುರಿದದ್ದು ಒಳಗೆ ಇಳಿಯುತ್ತದೆ, ಕಪ್ಪು ಕಲ್ಲು ಸಿಕ್ಕಲ್ಲಿ ಅಡ್ಡಕ್ಕೆ ಹರಿಯುತ್ತದೆ. ಬಹಮನಿ ಕಾಲದಲ್ಲಿ ನೌಬಾದಿನ ಸುರಂಗ ಬಾವಿ ತೋಡಿದವರು ಇದನ್ನು ಬಲ್ಲವರು. ಆ ಎರಡು ಕಲ್ಲು ಕೂಡುವ ಜಾಗದ ನೀರನ್ನೇ ನೆಲದೊಳಗಿಂದ ಊರಿಗೆ ತಂದರು. ಐದಾರು ನೂರು ವರ್ಷದ ಹಿಂದೆ ನೀರು ಕೊಟ್ಟ ಅದೇ ಗುಣ ಇವತ್ತು ಒಂದು ಕಡೆ ಸುರಿದ ವಿಷವನ್ನು ಇನ್ನೊಂದು ಕಡೆಯ ಬಾವಿಗೆ ಮುಟ್ಟಿಸಬಲ್ಲದು. ಸನ್ಮಾನದ ಭಾಷಣದಲ್ಲಿ ಹೊಗಳಿಕೆಯ ಬದಲು ಯಾರಾದರೂ ಮೇಷ್ಟ್ರ ಕೈಲಿ ಇದನ್ನು ಹೇಳಿಸಿ. ಜನ ಕಿವಿಗೊಟ್ಟು ಕೇಳ್ತಾರೆ.

ಹಣದ ವಿಷಯ ನಾಚಿಕೆ ಬಿಟ್ಟು ಮಾತಾಡಿ. ಇಷ್ಟು ವರ್ಷ ಬಸ್ಸಿನ ಚಾರ್ಜು, ಜೆರಾಕ್ಸು, ಲ್ಯಾಬ್ ಫೀಸು ಎಲ್ಲ ಅವರ ಜೇಬಿನಿಂದಲೇ ಹೋಗಿರುತ್ತದೆ. ಮನೆಯಲ್ಲಿ ಅದಕ್ಕೇ ಜಗಳವೂ ಆಗಿರುತ್ತದೆ. ಫ್ಲೆಕ್ಸು, ಪೆಂಡಾಲಿನ ದುಡ್ಡು ಉಳಿಸಿ ಮನೆಗೆ ಹತ್ತೋ ಇಪ್ಪತ್ತೋ ಕೂಡಿಸಿ ನಿಧಿ ಅಂತ ಕೊಡಿ, ಮುಂದಿನ ನೀರಿನ ಪರೀಕ್ಷೆಯ ಖರ್ಚನ್ನು ಯುವಕ ಮಂಡಳವೇ ಹೊರಲಿ. ಭೋಪಾಲದ ರಶೀದಾ ಬೀ ಮತ್ತು ಚಂಪಾದೇವಿ ಶುಕ್ಲಾ ಅವರಿಗೆ 2004ರಲ್ಲಿ ಗೋಲ್ಡ್‌ಮನ್ ಪ್ರಶಸ್ತಿ ಬಂದಾಗ ಆ ಹಣದಿಂದ ಅವರು ಕಟ್ಟಿದ್ದು ಚಿಂಗಾರಿ ಟ್ರಸ್ಟ್. ಭೋಪಾಲದ ಅನಿಲ ದುರಂತ ಮತ್ತು ಕೆಟ್ಟ ನೀರಿನಿಂದ ತೊಂದರೆಗೊಳಗಾದವರ ಮಕ್ಕಳಿಗೆ ಅಲ್ಲಿ ಚಿಕಿತ್ಸೆ ಸಿಗುತ್ತದೆ. ಹೋರಾಡುವವರ ಕೈಗೆ ಬಂದ ದುಡ್ಡು ಎಲ್ಲಿಗೆ ಹೋಗುತ್ತದೆ ನೋಡಿ.

ಯಾರ ದುಡ್ಡು ಬೇಡ ಅನ್ನೋದೂ ಅಷ್ಟೇ ಗಟ್ಟಿಯಾಗಿರಲಿ. ಕೈಗಾರಿಕಾ ಪ್ರದೇಶದ ಯಾವ ಕಂಪನಿಯಿಂದಲೂ ಊಟದ ಖರ್ಚು, ಕುರ್ಚಿ, ಮೈಕು ಏನೂ ತರಬೇಡಿ. ಜೂನ್ 5ರ ಪರಿಸರ ದಿನದಂದು ಸಸಿ ನೆಟ್ಟು ಫೋಟೊ ತೆಗೆಸಿಕೊಳ್ಳುವವರ ಜೊತೆ ಅವರನ್ನು ಒಂದೇ ಸಾಲಿನಲ್ಲಿ ಕೂರಿಸಿದರೆ, ಇಷ್ಟು ವರ್ಷ ಅವರು ಉಳಿಸಿಕೊಂಡ ಮಾತು ಒಂದೇ ಫೋಟೊದಲ್ಲಿ ಹೋಗಿಬಿಡುತ್ತದೆ.

ಇದೆಲ್ಲಕ್ಕೂ ಮುಂಚೆ ಅವರ ಮನೆಗೆ ಹೋಗಿ ಕೇಳಿ, ಮನೆಯವರ ಎದುರಿಗೇ ಕೇಳಿ. ಹೆಸರು, ಫೋಟೊ ವಾಟ್ಸ್ಆ್ಯಪಿನಲ್ಲಿ ಹಾಕೋದು ಅವರಿಗೆ ಬೇಡ ಅನ್ನಿಸಿದರೆ ಹಾಕಬೇಡಿ. ಮನೆಯವರನ್ನೂ ವೇದಿಕೆಗೆ ಕರೆಯಿರಿ. ಅವರು ಕಚೇರಿ ಅಲೆಯುವಾಗ ಹೊಲ, ದನ ನೋಡಿಕೊಂಡವರು ಯಾರೋ ಇದ್ದೇ ಇರುತ್ತಾರೆ.

ಸಾಧ್ಯವಾದರೆ ಮಿರಗದ (ಮೃಗಶಿರಾ) ಮಳೆಗಿಂತ ಮುಂಚೆ ಮುಗಿಸಿ. ಮಳೆ ನೀರಿನ ಜೊತೆ ಹೊಲಸು ನೀರು ಬಿಡುತ್ತಾರೆ ಅನ್ನುವ ದೂರು ನಮ್ಮ ಕಡೆ ಎದ್ದೇಳೋದೇ ಆವಾಗ. ಶಾಲು ಹೊದಿಸಿದ ಮೇಲೆ ಊಟಕ್ಕೆ ಏಳುವ ಮುಂಚೆ ಒಂದು ಹಾಳೆ ಹಿಡಿದು ಕೂತು, ಈ ಮಳೆಗಾಲದಲ್ಲಿ ಯಾವ ಓಣಿಯ ಬಾವಿ ಯಾರು ನೋಡೋದು, ರಾತ್ರಿ ಘಾಟು ಬಂದರೆ ಯಾರಿಗೆ ಫೋನು, ಅಧಿಕಾರಿ ಬಂದರೆ ಯಾರು ಯಾರು ಜೊತೆಗೆ ಹೋಗೋದು, ಹೆಸರು ಬರೆದುಕೊಳ್ಳಿ. ಆ ಹಿರಿಯರ ಹೆಸರು ಆ ಪಟ್ಟಿಯಲ್ಲಿ ಇರಲೇಬೇಕು ಅಂತೇನಿಲ್ಲ.