ಬೈಕಿಗೆ ಕಡ್ಡಾಯ ಇರುವ ವಿಮೆ ಮನುಷ್ಯನಿಗೆ ಯಾಕಿಲ್ಲ ಅಂದಿರಲ್ಲ, ಕೇಳಿ

ನಿಮ್ಮ ಪ್ರಶ್ನೆ ಓದಿದೆ. ಅಮೆರಿಕದಲ್ಲಿ ಒಬಾಮಾ ಮಾಡಿದ ಹಾಗೆ ಇಲ್ಲೂ ಆರೋಗ್ಯ ವಿಮೆ ಕಡ್ಡಾಯ ಮಾಡಲಿ ಅಂತ ನೀವು, ಅದು ದಬ್ಬಾಳಿಕೆ ಅಂತ ನಿಮ್ಮಪ್ಪ. ನಮ್ಮನೆಯಲ್ಲೂ ಇದೇ ಜಗಳ ನಡೆದಿತ್ತು. ದಬ್ಬಾಳಿಕೆ ಅಂದವನು ನಾನು.

2017ರವರೆಗೆ ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿದ್ದೆ. ತಿಂಗಳು ತಿಂಗಳು ಸಂಬಳದಲ್ಲಿ ಶೇ. 1.75 ನೌಕರರ ಸರ್ಕಾರಿ ಆರೋಗ್ಯ ವಿಮೆಯಾದ ಇಎಸ್‌ಐಗೆ ಹಿಡಿಯುತ್ತಿದ್ದರು. ಈಗ ಅದು 0.75ಕ್ಕೆ ಇಳಿದಿದೆ, ಮಾಲೀಕರ ಪಾಲು 3.25. ನಮ್ಮನ್ನು ಕೇಳದೆ ನಮ್ಮ ದುಡ್ಡು ಮುಟ್ಟೋಕೆ ಇವರ್ಯಾರು ಅಂತ ಕ್ಯಾಂಟೀನಿನಲ್ಲಿ ಕೂತು ಬೈಯೋದರಲ್ಲಿ ನಾನೇ ಮುಂದು. ಅವ್ವನ ಹೆಸರೂ ಅದೇ ಕಾರ್ಡಿನಲ್ಲಿತ್ತು, ಅವಳ ಶುಗರ್ ಮಾತ್ರೆ ಅಲ್ಲಿಂದಲೇ ಬರುತ್ತಿತ್ತು. ಸೇರಿಸುವಾಗ ಏನಾದರೂ ಕಾಯಿಲೆ ಇದೆಯಾ ಅಂತ ಯಾರೂ ಕೇಳಿರಲಿಲ್ಲ. ಇಎಸ್‌ಐ ತಂದ 1948ರ ಕಾಯ್ದೆಯಲ್ಲಿ ಹಾಗೆ ಕೇಳಿ ಹೊರಗಿಡುವ ಪದ್ಧತಿಯೇ ಇರಲಿಲ್ಲ. ಅಂದರೆ ಕಡ್ಡಾಯ ವಿಮೆ ಈ ದೇಶಕ್ಕೆ ಹೊಸದೂ ಅಲ್ಲ, ಅಮೆರಿಕದಿಂದ ತರಬೇಕಾದ್ದೂ ಅಲ್ಲ. ಸಂಬಳ 21,000 ದಾಟದ ಕಾರ್ಖಾನೆ ನೌಕರರಿಗೆ ಅದು ಇದ್ದೇ ಇದೆ.

ಕೆಲಸ ಬಿಟ್ಟು ಮಂಡ್ಯಕ್ಕೆ ಬಂದು ಗುತ್ತಲು ರಸ್ತೆಯಲ್ಲಿ ಪಂಪ್‌ಸೆಟ್ ವೈಂಡಿಂಗ್ ಅಂಗಡಿ ಹಾಕಿದೆ. ಇಎಸ್‌ಐ ಹೋಯಿತು. ಅಪ್ಪ ಸೊಸೈಟಿ ಮೆಂಬರ್ ಆದ್ದರಿಂದ ಮನೆಗೆ ಸಹಕಾರ ಸಂಘದವರಿಗೆಂದೇ ಇದ್ದ ಆರೋಗ್ಯ ಯೋಜನೆ ಯಶಸ್ವಿನಿ ಇತ್ತು, ಆದರೆ ಅದರಲ್ಲಿ ಮುಖ್ಯವಾಗಿ ಆಪರೇಷನ್‌ಗಳಷ್ಟೇ. ಹಾಗಾಗಿ ಮನೆಮಂದಿಗೆಲ್ಲ ಒಂದು ಖಾಸಗಿ ಪಾಲಿಸಿ ಮಾಡಿಸಿದೆ. ಏಜೆಂಟ್ ನಮ್ಮ ಕಡೆಯವನೇ, ವರಸೆಯಲ್ಲಿ ಭಾವಮೈದ.

ಇಲ್ಲಿ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ನನ್ನನ್ನು ಮುಳುಗಿಸಿದ್ದು ಇದೇ ಹತ್ತು ನಿಮಿಷ. ಅವನು ಟ್ಯಾಬ್ ಹಿಡಿದುಕೊಂಡು ಅಂಗಡಿಯಲ್ಲೇ ಕೂತ. ಹೆಸರು, ವಯಸ್ಸು, ಎತ್ತರ, ತೂಕ ಕೇಳಿದ. ಕಾಯಿಲೆಗಳ ಪಟ್ಟಿ ಬಂತು. ಅವ್ವನಿಗೆ ಶುಗರ್ ಇದೆ ಅಂತ ನಾನೇ ಹೇಳಿದೆ. "ಭಾವ, ಶುಗರ್ ಅಂತ ಹಾಕ್ಬುಟ್ರೆ ಪ್ರೀಮಿಯಂ ಏರ್ತದೆ, ಅದ್ರ ಖರ್ಚು ಸಿಗಾಕೆ ನಾಲ್ಕು ವರ್ಸ ಕಾಯ್ಬೇಕು ಬೇರೆ. ಇಲ್ಲ ಅಂತ ಹಾಕ್ಬುಡ್ತೀನಿ, ಯಾರ್ ನೋಡ್ತರೆ" ಅಂದ. ಅಷ್ಟರಲ್ಲಿ ಗಿರಾಕಿ ಬಂದರು, ನಾನು ಎದ್ದು ಹೋದೆ. ಮೊಬೈಲಿಗೆ ಒಟಿಪಿ ಬಂತು, ಕೂಗಿ ಹೇಳಿದೆ. ಆ ಆರು ಅಂಕಿಯೇ ನನ್ನ ಸಹಿ. ಬರೆದದ್ದೆಲ್ಲ ನಿಜ, ಓದಿ ಒಪ್ಪಿದ್ದೇನೆ ಅಂತ ಅದರರ್ಥ. ಏಜೆಂಟ್ ಸುಳ್ಳು ಬರೆದ ಅಂತ ಆಮೇಲೆ ಎಷ್ಟು ಕೂಗಾಡಿದರೂ, ಒಟಿಪಿ ಯಾರ ಫೋನಿಗೆ ಬಂತು ಅನ್ನೋದೊಂದೇ ಪ್ರಶ್ನೆ. ಪಾಲಿಸಿ ಮನೆಗೆ ಬಂದಾಗ ನಾವೇ ತುಂಬಿದ ಅರ್ಜಿಯ ಪ್ರತಿ ಅದರ ಹಿಂದೆಯೇ ಇತ್ತು. ಕವರ್ ಸಮೇತ ಬೀರುವಿನಲ್ಲಿಟ್ಟೆ.

2022ರ ಶುರುವಿನಲ್ಲಿ ಅವ್ವನಿಗೆ ಎದೆನೋವು. ದಶಪಥದ ಕೆಲಸ ನಡೀತಿದ್ದ ಆ ರಸ್ತೆಯಲ್ಲೇ ಹೇಗೋ ಮೈಸೂರಿನ ಒಂದು ಖಾಸಗಿ ಆಸ್ಪತ್ರೆ ಸೇರಿಸಿದೆವು. ಡ್ಯೂಟಿ ಡಾಕ್ಟರು ಶುಗರ್ ಇದೆಯಾ ಅಂತ ಕೇಳಿದರು. "ಊಂ ಕಣಪ್ಪ, ಏಳೆಂಟು ವರ್ಸಾಯ್ತು, ಮಾತ್ರೆ ನುಂಗ್ತಾ ಇವ್ನಿ" ಅಂದಳು ಅವ್ವ. ಡಾಕ್ಟರ ಹತ್ತಿರ ಸುಳ್ಳು ಹೇಳಬೇಕಿತ್ತೇ? ಅದು ಕೇಸ್ ಶೀಟಿಗೆ ಹೋಯಿತು, ಅಲ್ಲಿಂದ ವಿಮಾ ಕಂಪನಿಗೆ ಹೋಯಿತು. ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿ ಆಗಿತ್ತು, ಕ್ಲೇಮ್ ತಿರಸ್ಕಾರ. ಪಾಲಿಸಿಗೂ ಮುಂಚಿನ ಕಾಯಿಲೆ ಮುಚ್ಚಿಟ್ಟಿದ್ದೀರಿ ಅಂತ ಪಾಲಿಸಿಯನ್ನೇ ರದ್ದು ಮಾಡಿದರು. ಕಬ್ಬಿನ ದುಡ್ಡು ಇನ್ನೂ ಬಂದಿರಲಿಲ್ಲ, ಹೆಂಡತಿಯ ಒಡವೆ ಬ್ಯಾಂಕಿಗೆ ಹೋಯಿತು.

ಹೊಟ್ಟೆ ಉರಿಯೋದು ಎಲ್ಲಿ ಗೊತ್ತಾ? 2017ರಲ್ಲೇ ಶುಗರ್ ಅಂತ ಬರೆಸಿದ್ದರೆ ನಾಲ್ಕು ವರ್ಷದ ಕಾಯುವಿಕೆ 2021ಕ್ಕೆ ಮುಗಿದಿರುತ್ತಿತ್ತು. 2022ರ ಬಿಲ್ ಅವರೇ ಕಟ್ಟಬೇಕಾಗುತ್ತಿತ್ತು. ಸುಳ್ಳಿನಿಂದ ಉಳಿದದ್ದು ವರ್ಷಕ್ಕೆ ಒಂದಿಷ್ಟು ಪ್ರೀಮಿಯಂ ಮಾತ್ರ. ಅಷ್ಟು ಹೊತ್ತಿಗೆ ಯಶಸ್ವಿನಿಯೂ ಇರಲಿಲ್ಲ. ನಮ್ಮ ಜಿಲ್ಲೆಯ ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದಾಗ ಹುಟ್ಟಿದ ಯೋಜನೆ ಅದು. 2018ರಲ್ಲಿ ಆರೋಗ್ಯ ಕರ್ನಾಟಕ ಅನ್ನೋ ರಾಜ್ಯದ ಯೋಜನೆಯೊಳಗೆ ಸೇರಿಸಿಬಿಟ್ಟರು, ಮತ್ತೆ ಶುರು ಮಾಡಿದ್ದು 2022ರ ಕೊನೆಗೆ. ಆಯುಷ್ಮಾನ್ ಭಾರತ್ ಇತ್ತಲ್ಲ ಅಂತೀರಿ. ಬಿಪಿಎಲ್ ಕಾರ್ಡಿಗೆ 5 ಲಕ್ಷದವರೆಗೆ ಸರಿ. ನಮ್ಮದು ಎಪಿಎಲ್, ಸರ್ಕಾರ ಗೊತ್ತು ಮಾಡಿದ ಪ್ಯಾಕೇಜ್ ದರದಲ್ಲಿ ಶೇ. 30 ಮಾತ್ರ, ಅದೂ ಯೋಜನೆಗೆ ಸೇರಿದ ಆಸ್ಪತ್ರೆಯಲ್ಲಿ. ಬಡವರ ಪಟ್ಟಿಯಲ್ಲಿಲ್ಲ, ಸಂಬಳದ ಕೆಲಸವೂ ಇಲ್ಲ. ಅಂಗಡಿ ಇಟ್ಟವರ, ಒಂದೆರಡು ಎಕರೆ ಕಬ್ಬು ಬೆಳೆಯುವವರ ಪಾಡು ಇಷ್ಟೇ.

ಈಗ ನಿಮ್ಮ ಪ್ರಶ್ನೆಗೆ. ಬೈಕಿನ ಹೋಲಿಕೆ ಮೊದಲು ಬಿಡಿ. ಬೈಕಿಗೆ ಕಡ್ಡಾಯ ಇರುವುದು ಥರ್ಡ್ ಪಾರ್ಟಿ, ಅಂದರೆ ನೀವು ಯಾರಿಗೋ ಗುದ್ದಿದರೆ ಅವರಿಗೆ ಪರಿಹಾರ. ನಿಮ್ಮ ಕಾಲು ಮುರಿದರೆ ಅದರಲ್ಲಿ ನಿಮಗೆ ದಮ್ಮಡಿಯಿಲ್ಲ.

ಅಮೆರಿಕದ ಕತೆಯನ್ನೂ ನಮ್ಮವರು ಅರ್ಧ ಮಾತ್ರ ಹೇಳುತ್ತಾರೆ. 2010ರ ಆ ಕಾನೂನು ಮೊದಲು ಕೈ ಕಟ್ಟಿದ್ದು ಕಂಪನಿಗಳದ್ದು. 2014ರಿಂದ ಹಳೇ ಕಾಯಿಲೆಯ ನೆಪ ಹೇಳಿ ಪಾಲಿಸಿ ಕೊಡದೆ ಇರುವಂತಿಲ್ಲ, ಪ್ರೀಮಿಯಂ ಏರಿಸುವಂತೆಯೂ ಇಲ್ಲ. ಹಾಗೆ ಬಾಗಿಲು ತೆರೆದರೆ ಜನ ಕಾಯಿಲೆ ಬಿದ್ದ ಮೇಲೇ ಒಳಗೆ ಬರುತ್ತಾರೆ, ದುಡ್ಡು ಸಾಲುವುದಿಲ್ಲ. ಅದಕ್ಕೇ ಊರಹಬ್ಬಕ್ಕೆ ಮನೆಗಿಷ್ಟು ಅಂತ ವರಿ ಎತ್ತುವ ಹಾಗೆ ಗಟ್ಟಿಮುಟ್ಟಾದವರೂ ಸೇರಲೇಬೇಕು, ಸೇರದಿದ್ದರೆ ದಂಡ. 2012ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು 5–4ರಲ್ಲಿ ಆ ದಂಡವನ್ನು ತೆರಿಗೆ ಅಂತ ಲೆಕ್ಕ ಹಾಕಿ ಉಳಿಸಿತು. ಟ್ರಂಪ್ ಕಾಲದ 2017ರ ತೆರಿಗೆ ಕಾನೂನು 2019ರಿಂದ ದಂಡವನ್ನೇ ಸೊನ್ನೆ ಮಾಡಿತು. ಹಾಗಾಗಿ ನೀವು ಇಲ್ಲಿಗೆ ಬೇಕು ಅನ್ನುತ್ತಿರುವ ಆ ಕಡ್ಡಾಯ ಅಲ್ಲಿ ದೇಶದ ಮಟ್ಟದಲ್ಲಿ ಈಗ ಹೆಸರಿಗಷ್ಟೇ. ಕಂಪನಿಗಳ ಮೇಲಿನ ನಿಯಮ ಮಾತ್ರ ಹಾಗೇ ಉಳಿದಿದೆ.

ನಮ್ಮ ಟಿವಿ ಚರ್ಚೆಗಳಲ್ಲಿ ಜನ ಕೊಳ್ಳಲೇಬೇಕೇ ಅಂತ ಕೇಳುತ್ತಾರೆ, ಕಂಪನಿ ಕೊಡಲೇಬೇಕೇ ಅಂತ ಯಾರೂ ಕೇಳುವುದಿಲ್ಲ. ನನ್ನಂಥವನಿಗೆ ಕಡ್ಡಾಯ ಮಾಡಿ, ಅವ್ವನಂಥವಳನ್ನು ಬೇಡ ಅನ್ನುವ ಹಕ್ಕು ಅವರಿಗೇ ಬಿಟ್ಟರೆ ಅದು ಸರ್ಕಾರವೇ ಕಂಪನಿಗೆ ಗಿರಾಕಿ ಹಿಡಿದುಕೊಟ್ಟ ಹಾಗೆ. ಅಂಥ ಕಾನೂನಾದರೆ ನಾನು ನಿಮ್ಮಪ್ಪನ ಕಡೆ. ಎಲ್ಲರನ್ನೂ ಸೇರಿಸಿಕೊಳ್ಳಲೇಬೇಕು ಅನ್ನುವ ಕಾನೂನು ಬಂದರೆ ನಾಳೆಯೇ ಕಡ್ಡಾಯ ಮಾಡಲಿ, ಇಎಸ್‌ಐ ಹಾಗೆ ಹಿಡಿದುಕೊಳ್ಳಲಿ, ಈ ಸಲ ಬೈಯುವುದಿಲ್ಲ. ಆಸ್ಪತ್ರೆಗಳ ದರಕ್ಕೂ ಕಡಿವಾಣ ಬೇಕು. ಸ್ಟೆಂಟ್ ಬೆಲೆಗೆ 2017ರಲ್ಲೇ ಮಿತಿ ಹಾಕಿದ್ದಾರೆ, ನಮ್ಮ ಬಿಲ್ಲಿನಲ್ಲಿ ಏರಿದ್ದು ಮಿಕ್ಕ ಸಾಲುಗಳು.

ಕಾನೂನು ಬರಲಿ ಅಂತ ಕಾಯಬೇಡಿ. ನಿಮ್ಮ 27ರ ವಯಸ್ಸಿಗೆ ಪಾಲಿಸಿ ಅಗ್ಗ, 2025ರ ಸೆಪ್ಟೆಂಬರ್ 22ರಿಂದ ಶೇ. 18ರ ಜಿಎಸ್‌ಟಿಯೂ ಇಲ್ಲ. 2024ರಲ್ಲಿ ವಿಮೆಯ ನಿಯಮ ಸ್ವಲ್ಪ ಸುಧಾರಿಸಿದೆ: ಹಳೇ ಕಾಯಿಲೆಗೆ ಕಾಯುವುದು ಹೆಚ್ಚೆಂದರೆ ಮೂರು ವರ್ಷ, ಐದು ವರ್ಷ ಸತತ ಕಟ್ಟಿದ ಮೇಲೆ ಮೋಸ ಸಾಬೀತಾದ ಹೊರತು ಮುಚ್ಚಿಟ್ಟಿರಿ ಅಂತ ತಗಾದೆ ತೆಗೆಯುವಂತಿಲ್ಲ. ಪಾಲಿಸಿ ಕೈಗೆ ಬಂದ ಮೇಲೆ 30 ದಿನ ಟೈಮಿದೆ, ಅರ್ಜಿಯ ಪ್ರತಿ ತೆಗೆದು ಒಂದೊಂದು ಸಾಲೂ ಓದಿ, ತಪ್ಪಿದ್ದರೆ ವಾಪಸ್ ಮಾಡಿ. ಒಟಿಪಿಯನ್ನು ಮಾತ್ರ ಓದಿ ಮುಗಿಸುವ ತನಕ ಯಾರಿಗೂ ಹೇಳಬೇಡಿ, ನೆಂಟನಾದರೂ ಸರಿ. ಪ್ರಶ್ನೆಯ ಕೊನೆಯಲ್ಲಿ ಅಪ್ಪನಿಗೆ ಬಿಪಿ ಮಾತ್ರೆ ನಡೀತಿದೆ ಅಂತ ಬರೆದಿದ್ದೀರಿ. ಅದನ್ನು ಯಾವ ವರ್ಷದಿಂದ ಅನ್ನೋದರ ಸಮೇತ ಬರೆಸಿ. ಬೇಡ ಅಂತ ಏಜೆಂಟ್ ಅಂದರೆ ಬೇರೆ ಏಜೆಂಟ್ ನೋಡಿಕೊಳ್ಳಿ.