ಒಹಾಯೊದ ಶಾಲೆಗಳಲ್ಲಿ ಶಿಕ್ಷಕರ ಬಳಿ ಬಂದೂಕು ಇದ್ದರೆ ಮಕ್ಕಳಿಗೆ ರಕ್ಷಣೆ ಹೆಚ್ಚುತ್ತದೆಯೇ?

ಮುಂದಿನ ವರ್ಷ ಕುಟುಂಬಸಮೇತ ಅಮೆರಿಕದ ಒಹಾಯೊ ರಾಜ್ಯಕ್ಕೆ ಬರಲಿದ್ದೀರಿ, ಮಗ ಎರಡನೇ ತರಗತಿಗೆ ಸೇರಬೇಕು. ಅಲ್ಲಿ ಶಿಕ್ಷಕರೇ ಬಂದೂಕು ಇಟ್ಟುಕೊಳ್ಳಬಹುದಂತೆ, ಅದು ನಿಜವೇ, ನಿಜವಾದರೆ ಒಳ್ಳೆಯದಲ್ಲವೇ ಎಂದು ಕೇಳಿದ್ದೀರಿ. ನಿಜ. ಆದರೆ ಒಳ್ಳೆಯದು ಎಂಬುದನ್ನು, ಇದೇ ರಾಜ್ಯದ ಸರ್ಕಾರಿ ಶಾಲೆಗೆ ಮಗಳನ್ನು ಕಳುಹಿಸುತ್ತಿರುವ ನಾನು ಒಪ್ಪಲಾರೆ.

ಮೊದಲು ಕಾನೂನಿನ ವಿಚಾರ. 2016ರಲ್ಲಿ ಬಟ್ಲರ್ ಕೌಂಟಿಯ ಮ್ಯಾಡಿಸನ್ ಶಾಲೆಯಲ್ಲಿ ಮಕ್ಕಳು ಊಟ ಮಾಡುವ ಹಾಲ್‌ನಲ್ಲೇ 14 ವರ್ಷದ ವಿದ್ಯಾರ್ಥಿಯೊಬ್ಬ ಗುಂಡು ಹಾರಿಸಿದ. ಎರಡು ವರ್ಷದ ನಂತರ ಅಲ್ಲಿನ ಸ್ಕೂಲ್ ಬೋರ್ಡು ಸಿಬ್ಬಂದಿಗೆ ಬಂದೂಕು ಇಟ್ಟುಕೊಳ್ಳಲು ಅನುಮತಿ ನೀಡಿದಾಗ ಕೆಲವು ಪೋಷಕರು ಕೋರ್ಟಿನ ಮೆಟ್ಟಿಲು ಹತ್ತಿದರು. ಹಾಗೆ ಶಸ್ತ್ರ ಧರಿಸುವವರಿಗೆ ಪೊಲೀಸರಿಗೆ ಕೊಡುವಂಥ, ಅಂದರೆ 700 ಗಂಟೆಗಳನ್ನು ಮೀರಿದ ತರಬೇತಿಯಾಗಲಿ ಇಪ್ಪತ್ತು ವರ್ಷಗಳ ಪೊಲೀಸ್ ಅನುಭವವಾಗಲಿ ಇರಬೇಕೆಂದು 2021ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಮರುವರ್ಷ ಶಾಸಕರು ಕಾನೂನನ್ನೇ ಬದಲಾಯಿಸಿದರು. ಗವರ್ನರ್ ಮೈಕ್ ಡಿವೈನ್ 2022ರ ಜೂನ್‌ನಲ್ಲಿ ಸಹಿ ಹಾಕಿದ ಹೌಸ್ ಬಿಲ್ 99ರ ಪ್ರಕಾರ ರಾಜ್ಯವು ಕಡ್ಡಾಯ ಮಾಡಬಹುದಾದ ಆರಂಭಿಕ ತರಬೇತಿ ಹೆಚ್ಚೆಂದರೆ 24 ಗಂಟೆ, ಆಮೇಲೆ ವರ್ಷಕ್ಕೆ 8 ಗಂಟೆ. ಇದನ್ನು ಶಿಕ್ಷಕರ ಸಂಘಗಳು ವಿರೋಧಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಪೊಲೀಸರ ಸಂಘವೂ ವಿರೋಧಿಸಿತ್ತು ಎಂಬುದು ಗಮನಿಸಬೇಕಾದ ಮಾತು.

ಪರವಾಗಿ ಮಾತನಾಡುವವರ ವಾದವನ್ನು ತಳ್ಳಿಹಾಕುವಂತಿಲ್ಲ. ಹಳ್ಳಿಗಾಡಿನ ಶಾಲೆಗೆ ಶೆರಿಫ್‌ನ (ಕೌಂಟಿಯ ಪೊಲೀಸ್ ಮುಖ್ಯಸ್ಥನ) ವಾಹನ ಬಂದು ಮುಟ್ಟುವಷ್ಟರಲ್ಲಿ ಎಲ್ಲವೂ ಮುಗಿದಿರುತ್ತದೆ ಎಂಬುದು ಸುಳ್ಳಲ್ಲ. 1997ರಲ್ಲಿ ಮಿಸಿಸಿಪಿಯ ಪರ್ಲ್ ಎಂಬ ಊರಿನಲ್ಲಿ ಸಹಾಯಕ ಪ್ರಾಂಶುಪಾಲರೊಬ್ಬರು ತಮ್ಮ ವಾಹನದಲ್ಲಿದ್ದ ಪಿಸ್ತೂಲನ್ನು ತಂದು ಹಂತಕನನ್ನು ತಡೆದು ನಿಲ್ಲಿಸಿದರು. ಆದರೆ ಅಷ್ಟರಲ್ಲಿ ಇಬ್ಬರು ವಿದ್ಯಾರ್ಥಿನಿಯರು ಸತ್ತಿದ್ದರು, ಅವನು ಕಾರು ಹತ್ತಿ ಹೊರಟಿದ್ದ.

ಇನ್ನು, ಬಂದೂಕು ಹಿಡಿಯುವುದನ್ನೇ ವೃತ್ತಿಯಾಗಿಸಿಕೊಂಡವರು ಏನು ಮಾಡಿದರು ಎಂದು ನೋಡೋಣ. 1999ರಲ್ಲಿ ಕೊಲರಾಡೊದ ಕೊಲಂಬೈನ್ ಹೈಸ್ಕೂಲಿನಲ್ಲಿ ಇಬ್ಬರು ವಿದ್ಯಾರ್ಥಿಗಳು ಗುಂಡಿನ ದಾಳಿ ನಡೆಸಿದಾಗ ಶಾಲೆಯ ಕಾವಲಿಗಿದ್ದ ಶಸ್ತ್ರಧಾರಿ ಅಧಿಕಾರಿ ಗುಂಡು ಹಾರಿಸಿದರೂ ಗುರಿ ತಾಗಲಿಲ್ಲ. 2018ರಲ್ಲಿ ಫ್ಲಾರಿಡಾದ ಪಾರ್ಕ್‌ಲ್ಯಾಂಡ್‌ನಲ್ಲಿ 17 ಜನ ಸತ್ತಾಗ ಅಲ್ಲಿನ ಶಸ್ತ್ರಧಾರಿ ಅಧಿಕಾರಿ ಕಟ್ಟಡದ ಹೊರಗೇ ಉಳಿದರು. 2022ರಲ್ಲಿ ಟೆಕ್ಸಾಸ್‌ನ ಯುವಾಲ್ಡಿಯಲ್ಲಿ 376 ಅಧಿಕಾರಿಗಳು ಬಂದು ಸೇರಿದ್ದರೂ ತರಗತಿಯೊಳಗೆ ನುಗ್ಗಿ ಹಂತಕನನ್ನು ಕೊಲ್ಲಲು 77 ನಿಮಿಷ ಹಿಡಿಯಿತು. 19 ಮಕ್ಕಳು, ಇಬ್ಬರು ಶಿಕ್ಷಕಿಯರು ಬದುಕಲಿಲ್ಲ. ನ್ಯೂಯಾರ್ಕ್ ಪೊಲೀಸರ ಗುಂಡಿನ ಕಾಳಗಗಳನ್ನು ರ್‍ಯಾಂಡ್ ಎಂಬ ಸಂಶೋಧನಾ ಸಂಸ್ಥೆ ಅಧ್ಯಯನ ಮಾಡಿದಾಗ, ಎದುರಾಳಿಯೂ ಗುಂಡು ಹಾರಿಸುತ್ತಿರುವ ಸಂದರ್ಭದಲ್ಲಿ ಅವರ ಗುರಿ ತಾಗುವ ಪ್ರಮಾಣ ಶೇ. 18ರಷ್ಟು ಮಾತ್ರ ಎಂದು ಕಂಡುಬಂತು. ಇಂಥ ಕಡೆ 24 ಗಂಟೆಯ ತರಬೇತಿ ಪಡೆದ ಗಣಿತದ ಮೇಷ್ಟ್ರಿಂದ, ಕಿರುಚಿಕೊಂಡು ಓಡುವ ಮಕ್ಕಳ ನಡುವೆ ನಾವು ಏನನ್ನು ನಿರೀಕ್ಷಿಸುತ್ತಿದ್ದೇವೆ?

ನನ್ನ ಮುಖ್ಯ ಆಕ್ಷೇಪ ಇದೂ ಅಲ್ಲ. ಹಂತಕ ಬಹುತೇಕ ಶಾಲೆಗಳಿಗೆ ಎಂದೂ ಬರುವುದಿಲ್ಲ, ಬಂದೂಕು ಮಾತ್ರ ದಿನವೂ ಬರುತ್ತದೆ. ತಕ್ಷಣ ಕೈಗೆ ಸಿಗಬೇಕಾದರೆ ಅದು ಶಿಕ್ಷಕಿಯ ಮೈಮೇಲೇ ಇರಬೇಕು, ಮಕ್ಕಳ ಕೈಗೆ ಸಿಗಬಾರದೆಂದರೆ ಬೀಗದೊಳಗಿರಬೇಕು. ಎರಡೂ ಒಟ್ಟಿಗೆ ಆಗದು. ಎರಡನೇ ತರಗತಿಯ ಮಕ್ಕಳು ಟೀಚರಿನ ಸೊಂಟಕ್ಕೆ ಜೋತುಬೀಳುವವರು, ಶೂ ಲೇಸು ಕಟ್ಟಿಸಿಕೊಳ್ಳುವಾಗ ಅವರ ಹೆಗಲು ಹಿಡಿದು ನಿಲ್ಲುವವರು. 2014ರಲ್ಲಿ ಯೂಟಾದ ಶಿಕ್ಷಕಿಯೊಬ್ಬರ ಪಿಸ್ತೂಲು ಶಾಲೆಯ ಶೌಚಾಲಯದಲ್ಲಿ ಸಿಡಿದು ಅವರ ಕಾಲಿಗೇ ಗಾಯವಾಯಿತು. 2018ರಲ್ಲಿ ಕ್ಯಾಲಿಫೋರ್ನಿಯಾದ ಸೀಸೈಡ್‌ನಲ್ಲಿ ಬಂದೂಕಿನ ಸುರಕ್ಷತೆಯ ಪಾಠ ಮಾಡುತ್ತಿದ್ದ ಶಿಕ್ಷಕರ ಕೈಯಲ್ಲೇ ಗುಂಡು ಹಾರಿತು. ಅವರು ಅರೆಕಾಲಿಕ (ರಿಸರ್ವ್) ಪೊಲೀಸ್ ಅಧಿಕಾರಿಯೂ ಆಗಿದ್ದರು! ಇದಲ್ಲದೆ ಲಾಕ್‌ಡೌನ್ ಡ್ರಿಲ್‌ನಲ್ಲಿ, ಅಂದರೆ ಹಂತಕ ಬಂದರೆ ಏನು ಮಾಡಬೇಕೆಂಬ ಅಭ್ಯಾಸದಲ್ಲಿ, ಶಿಕ್ಷಕಿಯ ಕೆಲಸವೆಂದರೆ ಬಾಗಿಲಿಗೆ ಬೀಗ ಹಾಕಿ, ದೀಪ ಆರಿಸಿ, ಮಕ್ಕಳನ್ನು ಮೂಲೆಯಲ್ಲಿ ಸದ್ದಿಲ್ಲದೆ ಕೂರಿಸುವುದು. ಬಂದೂಕಿದ್ದರೆ ಅವರು ಮಕ್ಕಳ ಬಳಿ ಇರಬೇಕೋ, ಹೊರಗೆ ಹೋಗಬೇಕೋ? ಹೊರಗೆ ಹೋದರೆ, ಧಾವಿಸಿ ಬಂದ ಪೊಲೀಸರ ಕಣ್ಣಿಗೆ ಅವರೂ ಬಂದೂಕು ಹಿಡಿದ ಅಪರಿಚಿತರೇ.

ನೀವು ಮಾಡಬಹುದಾದದ್ದು ಇಷ್ಟು. ಈ ಕಾನೂನು ಅನುಮತಿ ಕೊಡುತ್ತದೆಯೇ ಹೊರತು ಒತ್ತಾಯಿಸುವುದಿಲ್ಲ. ಕೊಲಂಬಸ್, ಕ್ಲೀವ್‌ಲ್ಯಾಂಡ್, ಸಿನ್ಸಿನಾಟಿ ನಗರಗಳ ಶಾಲಾಡಳಿತಗಳು ಆಗಲೇ ಬೇಡವೆಂದಿದ್ದವು. ಅನುಮತಿ ಕೊಟ್ಟಿರುವ ಬೋರ್ಡು ಆ ವಿಷಯವನ್ನು ಪೋಷಕರಿಗೆ ತಿಳಿಸಲೇಬೇಕು, ಆದರೆ ಯಾರ ಬಳಿ ಇದೆ ಎಂದು ಹೇಳಬೇಕಿಲ್ಲ. ಆದ್ದರಿಂದ ಮನೆ ಗೊತ್ತುಮಾಡುವ ಮುನ್ನವೇ ಆ ಪ್ರದೇಶದ ಶಾಲೆಗಳನ್ನು ನಡೆಸುವ ಸ್ಕೂಲ್ ಡಿಸ್ಟ್ರಿಕ್ಟ್‌ಗೆ ಬರೆದು ಕೇಳಿ. ಇನ್ನೊಂದು ವಿಷಯ ಇದಕ್ಕಿಂತಲೂ ಹೆಚ್ಚಿನದು: ಶಾಲೆಗೆ ಬಂದೂಕು ತರುವ ಹುಡುಗರಲ್ಲಿ ಬಹುಪಾಲಿನವರಿಗೆ ಅದು ಸಿಗುವುದು ತಮ್ಮ ಮನೆಯಲ್ಲೋ ನೆಂಟರ ಮನೆಯಲ್ಲೋ. ಮಿಷಿಗನ್‌ನ ಆಕ್ಸ್‌ಫರ್ಡ್‌ನಲ್ಲಿ ನಾಲ್ವರನ್ನು ಕೊಂದ ಹುಡುಗನ ತಂದೆ ತಾಯಿ ಇಬ್ಬರಿಗೂ 2024ರಲ್ಲಿ ಜೈಲು ಶಿಕ್ಷೆಯಾದದ್ದು ಈ ಕಾರಣಕ್ಕೇ. ಮಗ ಆಟವಾಡಲು ಸ್ನೇಹಿತರ ಮನೆಗೆ ಹೊರಟಾಗ, ಅಲ್ಲಿ ಬಂದೂಕು ಇದೆಯೇ, ಇದ್ದರೆ ಬೀಗ ಹಾಕಿಟ್ಟಿದ್ದಾರೆಯೇ ಎಂದು ವಿಚಾರಿಸಿ. ನಮ್ಮವರಿಗೆ ಹೀಗೆ ಕೇಳಲು ಮೊದಮೊದಲು ಸಂಕೋಚವಾಗುತ್ತದೆ. ನಾನು ಕೇಳಿದ ಮನೆಗಳಲ್ಲಿ ಯಾರೂ ಬೇಸರಿಸಿಕೊಂಡಿಲ್ಲ.